ದಶಕವಿಲ್ಲದ ಗುಣಾಕಾರ, ಸೊನ್ನೆ ಬಿಡದ ಭಾಗಾಕಾರ: ಬಹುಪದೋಕ್ತಿಗಳ ಸಮಗ್ರ ಮಾರ್ಗದರ್ಶಿ

ಹನುಮಂತನಗರದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಅಕ್ಕಪಕ್ಕದ ನಾಲ್ಕೈದು ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬಂದು ಕೂರುತ್ತಾರೆ. ಎಂಟರಿಂದ ಹತ್ತನೆಯ ತರಗತಿಯವರು. ಬಹುಪದೋಕ್ತಿ (ಒಂದು ಅಕ್ಷರದ ಘಾತಗಳನ್ನು ಸಂಖ್ಯೆಗಳಿಂದ ಗುಣಿಸಿ ಕೂಡಿಸಿದ ಉಕ್ತಿ, ಇಂಗ್ಲಿಷಿನ ಪಾಲಿನೋಮಿಯಲ್) ಎಂದೊಡನೆ ಮುಖಗಳು ಸಪ್ಪಗಾಗುತ್ತವೆ. ಆಗ ನಾನು ಪುಸ್ತಕ ಮುಚ್ಚಿಸಿ, 23ನ್ನು 12ರಿಂದ ಗುಣಿಸಲು ಹೇಳುತ್ತೇನೆ. ಎಲ್ಲರೂ 276 ಎಂದು ಬರೆಯುತ್ತಾರೆ. "ಹಾಗಾದರೆ ಬಹುಪದೋಕ್ತಿಯ ಗುಣಾಕಾರ ನಿಮಗೆ ಬರುತ್ತದೆ" ಎಂದರೆ ಯಾರೂ ನಂಬುವುದಿಲ್ಲ. ನಂಬಿಸಲು ಸುಮಾರು ಹತ್ತು ನಿಮಿಷ ಬೇಕು. ನೀವೂ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಕೂತುಕೊಳ್ಳಿ. ಬರಿದೇ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ಮೊದಲು ಒಂದು ಗುರುತಿನ ವಿಷಯ. ಶಾಲೆಯ ಪುಸ್ತಕದಲ್ಲಿ ಚರಾಕ್ಷರಕ್ಕೆ ಇಂಗ್ಲಿಷಿನ ಎಕ್ಸ್ ಬಳಸುತ್ತಾರೆ. ಇಲ್ಲಿ ನಾನು ಅದರ ಜಾಗದಲ್ಲಿ "ಯ" ಬರೆಯುತ್ತೇನೆ. ಇದು ನನ್ನ ಹುಚ್ಚಾಟವಲ್ಲ. ನಮ್ಮ ಪ್ರಾಚೀನ ಗಣಿತಜ್ಞರು ತಿಳಿಯದ ಸಂಖ್ಯೆಯನ್ನು "ಯಾವತ್ತಾವತ್", ಅಂದರೆ ಎಷ್ಟೋ ಅಷ್ಟು, ಎಂದು ಕರೆದು "ಯಾ" ಎಂದು ಚಿಕ್ಕದಾಗಿ ಬರೆಯುತ್ತಿದ್ದರು. 12ನೆಯ ಶತಮಾನದ ಭಾಸ್ಕರಾಚಾರ್ಯರೂ ಹಾಗೆಯೇ ಬರೆದಿದ್ದಾರೆ. ಪರೀಕ್ಷೆಯಲ್ಲಿ ನೀವು ಎಕ್ಸ್ ಎಂದೇ ಬರೆಯಿರಿ.

ಸಂಖ್ಯೆಯೊಳಗೆ ಅಡಗಿರುವ ಬಹುಪದೋಕ್ತಿ

23 ಎಂದರೆ ಎರಡು ಹತ್ತು, ಮೂರು ಬಿಡಿ. ಹತ್ತಿನ ಜಾಗದಲ್ಲಿ ಯ ಇಟ್ಟರೆ ಅದು 2ಯ + 3 ಆಗುತ್ತದೆ. ಹಾಗೆಯೇ 12 ಎಂಬುದು ಯ + 2. ಈಗ ಇವೆರಡನ್ನೂ ಮನೆಲೆಕ್ಕದ ರೀತಿಯಲ್ಲೇ, ಒಂದರ ಕೆಳಗೆ ಒಂದು ಬರೆದು ಗುಣಿಸಿ. ಮೇಲಿನದನ್ನು 2ರಿಂದ ಗುಣಿಸಿದರೆ 4ಯ + 6. ಯದಿಂದ ಗುಣಿಸಿದರೆ 2ಯ² + 3ಯ. ಕೂಡಿಸಿದರೆ:

2ಯ² + 7ಯ + 6

2, 7, 6. ಅದೇ 276. ಯ ಬದಲಿಗೆ 10 ಹಾಕಿದರೆ 200 + 70 + 6.

ಇನ್ನೊಂದು ನೋಡಿ. 27 × 15 = 405. ಬಹುಪದೋಕ್ತಿಯಲ್ಲಿ (2ಯ + 7)(ಯ + 5) = 2ಯ² + 17ಯ + 35. ಇಲ್ಲಿ 2, 17, 35 ಇದೆ, 405 ಎಲ್ಲಿ? ಹತ್ತು ಹಾಕಿ ನೋಡಿ: 200 + 170 + 35 = 405. ಸಂಖ್ಯೆಯಲ್ಲಿ ಬಿಡಿಯ ಮನೆ ಹತ್ತು ದಾಟಿದರೆ ದಶಕವನ್ನು ಪಕ್ಕದ ಮನೆಗೆ ಕೊಡುತ್ತೇವೆ. ಯ ಎಷ್ಟೆಂದೇ ಗೊತ್ತಿಲ್ಲದಿರುವಾಗ ಎಷ್ಟಾದ ಮೇಲೆ ಪಕ್ಕಕ್ಕೆ ಕೊಡುವುದು? ಕೊಡುವಂತಿಲ್ಲ. ಹಾಗಾಗಿ ಪ್ರತಿ ಮನೆಯ ಸರಕು ಆ ಮನೆಯಲ್ಲೇ ಉಳಿಯುತ್ತದೆ. ಬಹುಪದೋಕ್ತಿಯ ಗುಣಾಕಾರ ಸಂಖ್ಯೆಯ ಗುಣಾಕಾರಕ್ಕಿಂತ ಒಂದು ಕೆಲಸ ಕಡಿಮೆ ಕೇಳುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಗುಣಾಕಾರ: ಒಂದು ಪದದಿಂದ ಆರಂಭ

ಏಕಪದಗಳನ್ನು, ಅಂದರೆ ಒಂದೇ ಪದದ ಉಕ್ತಿಗಳನ್ನು, ಗುಣಿಸುವಾಗ ಮೂರು ಕೆಲಸ, ಇದೇ ಕ್ರಮದಲ್ಲಿ: ಚಿಹ್ನೆ, ಸಹಗುಣಕ (ಯದ ಎಡಕ್ಕಿರುವ ಸಂಖ್ಯೆ), ಘಾತ (ಯದ ತಲೆಯ ಮೇಲಿನ ಅಂಕಿ). (−4ಯ) × (−2ಯ²) ತೆಗೆದುಕೊಳ್ಳಿ. ಋಣಕ್ಕೆ ಋಣ ಸೇರಿದರೆ ಧನ. 4 × 2 = 8. ಘಾತಗಳು 1 + 2 = 3. ಉತ್ತರ 8ಯ³.

ಘಾತಗಳನ್ನು ಕೂಡಿಸಬೇಕೋ ಗುಣಿಸಬೇಕೋ ಎಂಬ ಗೊಂದಲ ಬಂದರೆ ಸೂತ್ರ ನೆನಪಿಸಿಕೊಳ್ಳಲು ಹೋಗಬೇಡಿ, ಬಿಡಿಸಿ ಬರೆಯಿರಿ. ಯ² × ಯ³ ಎಂದರೆ (ಯ·ಯ) × (ಯ·ಯ·ಯ). ಎಣಿಸಿ, ಐದು ಯ ಇವೆ. ಆರಲ್ಲ. ಇಷ್ಟು ಒಮ್ಮೆ ಕೈಯಾರೆ ಎಣಿಸಿದವರು ಮತ್ತೆ ತಪ್ಪುವುದು ಅಪರೂಪ.

ಋಣ-ಋಣ ಧನವಾಗುವ ನಿಯಮವನ್ನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾರೆ; ಅವರಿಗೂ ಮೊದಲು 628ರಲ್ಲಿ ಬ್ರಹ್ಮಗುಪ್ತರು ಸಾಲ ಮತ್ತು ಸಂಪತ್ತಿನ ಮಾತಿನಲ್ಲಿ ಅದನ್ನೇ ಹೇಳಿದ್ದರು. ನಾವು ಇಂದಿಗೂ ಧನ, ಋಣ ಎಂದು ಸಾಲಗಾರರ ಭಾಷೆಯಲ್ಲೇ ಲೆಕ್ಕ ಮಾಡುತ್ತಿದ್ದೇವೆ.

ಮೂವತ್ತು ನಲವತ್ತರ ಸೈಟು

ದ್ವಿಪದಗಳ ಗುಣಾಕಾರಕ್ಕೆ ಬೆಂಗಳೂರಿಗರಿಗೆ ನನ್ನಲ್ಲಿ ಒಂದೇ ಉದಾಹರಣೆ. 30 ಅಡಿ ಅಗಲ, 40 ಅಡಿ ಉದ್ದದ ಸೈಟು, 1200 ಚದರಡಿ. ಮನೆ ಕಟ್ಟುವಾಗ ನಾಲ್ಕೂ ಕಡೆ ಸಮನಾಗಿ ಯ ಅಡಿ ಜಾಗ ಬಿಡುತ್ತೀರಿ ಎಂದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಬಿಡುವುದರಿಂದ ಅಗಲ 30 − 2ಯ, ಉದ್ದ 40 − 2ಯ. ಮನೆ ನಿಲ್ಲುವ ಜಾಗ:

(30 − 2ಯ)(40 − 2ಯ)

ಮೊದಲ ಆವರಣದ ಪ್ರತಿಯೊಂದು ಪದವೂ ಎರಡನೆಯ ಆವರಣದ ಪ್ರತಿಯೊಂದು ಪದವನ್ನೂ ಗುಣಿಸಬೇಕು. ಇದೇ ವಿಭಾಜಕ ನಿಯಮ. ಗುಣಾಕಾರದ ಉಳಿದ ಎಲ್ಲ ಪದ್ಧತಿಗಳೂ ಇದರ ವೇಷಗಳೇ.

30 × 40 = 1200
30 × (−2ಯ) = −60ಯ
(−2ಯ) × 40 = −80ಯ
(−2ಯ) × (−2ಯ) = +4ಯ²

ಸಜಾತಿ ಪದಗಳನ್ನು, ಅಂದರೆ ಯದ ಘಾತ ಒಂದೇ ಆಗಿರುವವನ್ನು, ಕೂಡಿಸಿದರೆ 4ಯ² − 140ಯ + 1200. ಮೂರು ಅಡಿ ಬಿಟ್ಟರೆ 36 − 420 + 1200 = 816 ಚದರಡಿ. ನೇರವಾಗಿ ನೋಡಿದರೂ 24 × 34 = 816.

ಈಗ ತೀರಾ ಸಾಮಾನ್ಯವಾದ ತಪ್ಪು. ಮೊದಲಿಗೆ ಮೊದಲು, ಕೊನೆಗೆ ಕೊನೆ ಗುಣಿಸಿ 1200 + 4ಯ² ಎಂದು ಬರೆದು ಮುಗಿಸುವುದು. ಇದರಲ್ಲೂ ಯ = 3 ಹಾಕಿ ನೋಡಿ: 1236. ಸುತ್ತ ಮೂರಡಿ ಜಾಗ ಬಿಟ್ಟ ಮೇಲೆ ಮನೆ ಸೈಟಿಗಿಂತ ದೊಡ್ಡದಾಗಿದೆ! ಬೆಂಗಳೂರಿನಲ್ಲಿ ಇದು ಕಣ್ಣಿಗೆ ಬೀಳದ ದೃಶ್ಯವೇನಲ್ಲ, ಆದರೆ ಬೀಜಗಣಿತದಲ್ಲಿ ಒಪ್ಪುವುದಿಲ್ಲ. ನಡುವಿನ ಎರಡು ಅಡ್ಡ ಗುಣಲಬ್ಧಗಳನ್ನು ಬಿಟ್ಟವರಿಗೆಲ್ಲ ಈ ಮನೆಯನ್ನೇ ನೆನಪಿಸುತ್ತೇನೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದಕ್ಕೆ "ಫಾಯಿಲ್" (ಮೊದಲು, ಹೊರಗೆ, ಒಳಗೆ, ಕೊನೆ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳು) ಎಂಬ ಗುರುತುಪದವನ್ನು ಬಾಯಿಪಾಠ ಮಾಡಿರುತ್ತಾರೆ. ಎರಡು ಪದಕ್ಕೆ ಎರಡು ಪದ ಇರುವವರೆಗೆ ಅದು ನಡೆಯುತ್ತದೆ. ಮೂರನೆಯ ಪದ ಬಂದ ಕೂಡಲೇ ಕೈಕೊಡುತ್ತದೆ. ಹಾಗಾಗಿ ನಾನು ಅದನ್ನು ಕಲಿಸುವುದಿಲ್ಲ. ಕಲಿತು ಬಂದವರಿಗೆ ಮರೆಯಿರಿ ಎಂದು ಹೇಳುವ ಧೈರ್ಯವೂ ಇಲ್ಲ.

ಪದಗಳು ಹೆಚ್ಚಾದಾಗ: ಚೌಕುಳಿ

(2ಯ² − 3ಯ + 4)(ಯ − 5) ಗುಣಿಸಬೇಕು. ಮೂರು ಪದಕ್ಕೆ ಎರಡು ಪದ, ಅಂದರೆ ಆರು ಗುಣಲಬ್ಧಗಳು. ಎಷ್ಟು ಬರಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ಒಂದೂ ತಪ್ಪಿಹೋಗುವುದಿಲ್ಲ. ಆರು ಮನೆಗಳ ಚೌಕುಳಿ ಎಳೆದು ತುಂಬಿಸಿ:

| × | 2ಯ² | −3ಯ | +4 |
|---|---|---|---|
| ಯ | 2ಯ³ | −3ಯ² | +4ಯ |
| −5 | −10ಯ² | +15ಯ | −20 |

ಓರೆಯಾಗಿ ನೋಡಿ, ಸಜಾತಿ ಪದಗಳು ತಾವಾಗಿಯೇ ಒಂದೇ ಓಳಿಯಲ್ಲಿ ಬಂದು ನಿಂತಿವೆ. −3ಯ² ಮತ್ತು −10ಯ² ಸೇರಿ −13ಯ². 4ಯ ಮತ್ತು 15ಯ ಸೇರಿ 19ಯ.

2ಯ³ − 13ಯ² + 19ಯ − 20

ಈ ಉತ್ತರವನ್ನು ಎತ್ತಿಟ್ಟುಕೊಂಡಿರಿ, ಭಾಗಾಕಾರದಲ್ಲಿ ಬೇಕಾಗುತ್ತದೆ.

ತಾಳೆ ನೋಡುವ ಬಗೆ

ಉತ್ತರ ಸರಿಯೇ ಎಂದು ಪುಸ್ತಕದ ಹಿಂದಿನ ಪುಟ ತಿರುವುವ ಅಗತ್ಯವಿಲ್ಲ. ಯ ಬದಲಿಗೆ ಒಂದು ಸಣ್ಣ ಸಂಖ್ಯೆ ಹಾಕಿ, ಎರಡೂ ಬದಿ ಒಂದೇ ಬರುತ್ತದೆಯೇ ನೋಡಿ. ಆದರೆ ಯಾವ ಸಂಖ್ಯೆ ಹಾಕುತ್ತೀರಿ ಎಂಬುದರಲ್ಲಿ ಎಚ್ಚರವಿರಲಿ.

ಸೊನ್ನೆ ಹಾಕಿದರೆ ಕೊನೆಯ ಸ್ಥಿರಾಂಕವೊಂದೇ ಉಳಿಯುತ್ತದೆ, ಬೇರೆಲ್ಲ ಮಾಯ. ಒಂದು ಹಾಕಿದರೆ ಯ² ಕೂಡ 1, ಯ³ ಕೂಡ 1. ಘಾತದಲ್ಲಿ ಮಾಡಿದ ತಪ್ಪು ಸಿಕ್ಕಿಬೀಳುವುದೇ ಇಲ್ಲ. ನಾನು 2 ಹಾಕುತ್ತೇನೆ. ಮೇಲಿನ ಲೆಕ್ಕದಲ್ಲಿ: (8 − 6 + 4)(2 − 5) = 6 × (−3) = −18. ಉತ್ತರದಲ್ಲಿ: 16 − 52 + 38 − 20 = −18. ತಾಳೆಯಾಯಿತು. ಒಂದು ಸಂಖ್ಯೆಗೆ ತಾಳೆಯಾದ ಮಾತ್ರಕ್ಕೆ ಉತ್ತರ ಸರಿ ಎಂದು ಸಾಧಿಸಿದಂತಾಗುವುದಿಲ್ಲ, ನಿಜ. ಆದರೂ ಕೈತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿ ಬಯಲಾಗುತ್ತವೆ.

ಬರೀ ಸಹಗುಣಕಗಳಿಂದ

ಮನೆಗಳ ಕ್ರಮ ಕೈಗೆ ಹತ್ತಿದ ಮೇಲೆ ಯ ಬರೆಯುವ ಶ್ರಮವನ್ನೂ ಬಿಡಬಹುದು. (ಯ³ + 2ಯ − 1)(ಯ² − 3) ನೋಡಿ. ಮೊದಲನೆಯದರಲ್ಲಿ ಯ² ಇಲ್ಲ, ಎರಡನೆಯದರಲ್ಲಿ ಯ ಇಲ್ಲ. ಆ ಜಾಗಗಳಲ್ಲಿ ಸೊನ್ನೆ ಬರೆಯಬೇಕು: 1, 0, 2, −1 ಮತ್ತು 1, 0, −3.

−3ರಿಂದ ಗುಣಿಸಿದ ಸಾಲು −3, 0, −6, 3. ನಡುವಿನ ಸೊನ್ನೆಯ ಸಾಲು ಪೂರ್ತಿ ಸೊನ್ನೆ. 1ರಿಂದ ಗುಣಿಸಿದ ಸಾಲು 1, 0, 2, −1. ಇದನ್ನು ಎರಡು ಮನೆ ಎಡಕ್ಕೆ ಸರಿಸಿ ಬರೆಯಬೇಕು. ಮನೆಮನೆಯಾಗಿ ಕೂಡಿಸಿದರೆ 1, 0, −1, −1, −6, 3. ಅಂದರೆ:

ಯ⁵ − ಯ³ − ಯ² − 6ಯ + 3

ಎರಡು ಹಾಕಿ ನೋಡಿ, ಎರಡೂ ಕಡೆ 11 ಬರುತ್ತದೆ.

ನಿತ್ಯ ಸಮೀಕರಣಗಳ, ಅಂದರೆ ಅಕ್ಷರಗಳಿಗೆ ಯಾವ ಬೆಲೆ ಹಾಕಿದರೂ ನಿಜವಾಗುವ ಸಮೀಕರಣಗಳ, ಬಗ್ಗೆ ಹೆಚ್ಚು ಹೇಳುವುದಿಲ್ಲ. (ಅ + ಬ)(ಅ − ಬ) = ಅ² − ಬ² ಎಂಬುದನ್ನು ಚೌಕುಳಿಯಲ್ಲಿ ಒಮ್ಮೆ ತುಂಬಿಸಿ ನೋಡಿದರೆ ನಡುವಿನ ಪದಗಳು ಒಂದನ್ನೊಂದು ಹೊಡೆದುಹಾಕುವುದು ಕಾಣುತ್ತದೆ. 103 × 97 = 10000 − 9 = 9991 ಎಂದು ಬಾಯಲ್ಲೇ ಹೇಳಲು ಅದು ಸಾಕು.

ಭಾಗಾಕಾರ: ಏಕಪದದಿಂದ

(12ಯ³ − 8ಯ² + 6ಯ) ÷ 2ಯ. ಪ್ರತಿ ಪದವನ್ನೂ ಬೇರೆಬೇರೆಯಾಗಿ ಭಾಗಿಸಿ: 6ಯ² − 4ಯ + 3. ಮೊದಲ ಪದವನ್ನು ಮಾತ್ರ ಭಾಗಿಸಿ ಉಳಿದವನ್ನು ಹಾಗೆಯೇ ಇಳಿಸುವವರಿದ್ದಾರೆ. ಮೂವರು ಕೂಡಿ ಊಟ ಮಾಡಿದಾಗ ಬಿಲ್ಲಿನಲ್ಲಿ ದೋಸೆಯ ಹಣವನ್ನು ಮಾತ್ರ ಮೂರು ಪಾಲು ಮಾಡಿ, ಕಾಫಿಯ ಹಣವನ್ನು ಪೂರ್ತಿ ಒಬ್ಬನ ತಲೆಗೆ ಕಟ್ಟಿದಂತೆ ಅದು.

ದೀರ್ಘ ಭಾಗಾಕಾರ

ಇಲ್ಲಿ ನಿಧಾನಿಸಬೇಕು. ಮಕ್ಕಳು ನಿಜವಾಗಿ ಎಡವುವುದು ಇಲ್ಲೇ, ಮತ್ತು ಎಡವಲು ಕಾರಣ ಭಾಗಾಕಾರವಲ್ಲ. ಎರಡೇ ಕಾರಣಗಳು: ಬಿಟ್ಟುಹೋದ ಸೊನ್ನೆ, ಕಳೆಯುವಾಗ ತಪ್ಪಿದ ಚಿಹ್ನೆ.

(2ಯ³ − 5ಯ + 7) ÷ (ಯ + 2) ಮಾಡೋಣ.

ಮೊದಲಿಗೆ ಭಾಜ್ಯವನ್ನು ಘಾತಗಳ ಇಳಿಕೆಯ ಕ್ರಮದಲ್ಲಿ ಬರೆಯಿರಿ. ಯ² ಪದ ಇಲ್ಲ. ಅದರ ಮನೆಗೆ ಸೊನ್ನೆ ಇಡಿ: 2ಯ³ + 0ಯ² − 5ಯ + 7. "ಇಲ್ಲದ್ದನ್ನು ಯಾಕೆ ಬರೆಯಬೇಕು ಮೇಷ್ಟ್ರೇ?" ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಎರಡು ಸಾವಿರದ ಐವತ್ತೇಳನ್ನು ಅಂಕಿಯಲ್ಲಿ ಬರೆ ಎನ್ನುತ್ತೇನೆ. 2057 ಎಂದು ಬರೆಯುತ್ತಾರೆ. ನೂರರ ಮನೆಯಲ್ಲಿ ಏನೂ ಇಲ್ಲವಲ್ಲ, ಆ ಸೊನ್ನೆ ಯಾಕೆ ಬರೆದೆ? ಬಿಟ್ಟರೆ 257 ಆಗಿಬಿಡುತ್ತದೆ. ಅಷ್ಟೇ ಉತ್ತರ. ಬ್ರಹ್ಮಗುಪ್ತರ ಗ್ರಂಥಕ್ಕೆ 9ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಪೃಥೂದಕಸ್ವಾಮಿ ಸಮೀಕರಣದ ಎರಡು ಬದಿಗಳನ್ನು ಒಂದರ ಕೆಳಗೊಂದು ಬರೆಯುವಾಗ ವರ್ಗದ ಪದವಿಲ್ಲದ ಕಡೆ "ಯಾವ 0" ಎಂದೂ, ಯಾ ಇಲ್ಲದ ಕಡೆ "ಯಾ 0" ಎಂದೂ ತಪ್ಪದೆ ಬರೆದಿದ್ದಾರೆ. ಇಲ್ಲಿ "ಯಾವ" ಎಂದರೆ ಯಾವತ್ತಾವತ್ತಿನ ವರ್ಗ. ಅಂದು ಅವರು ಬಿಡದ ಸೊನ್ನೆಯನ್ನು ನಾವು ಬಿಡಬಾರದು.

ಇನ್ನು ಭಾಗಾಕಾರ. ನಾಲ್ಕು ಕೆಲಸಗಳ ಸುತ್ತು: ಭಾಗಿಸು, ಗುಣಿಸು, ಕಳೆ, ಇಳಿಸು.

1. ಭಾಜ್ಯದ ಮೊದಲ ಪದವನ್ನು ಭಾಜಕದ ಮೊದಲ ಪದದಿಂದ ಮಾತ್ರ ಭಾಗಿಸಿ. 2ಯ³ ÷ ಯ = 2ಯ². ಇದು ಭಾಗಲಬ್ಧದ ಮೊದಲ ಪದ. +2 ಕಡೆ ಈಗ ನೋಡುವುದೇ ಬೇಡ.
2. 2ಯ² ಅನ್ನು ಇಡೀ ಭಾಜಕದಿಂದ ಗುಣಿಸಿ: 2ಯ³ + 4ಯ². ಅದನ್ನು ಭಾಜ್ಯದ ಕೆಳಗೆ, ಅದರದರ ಮನೆಯಲ್ಲಿ ಬರೆಯಿರಿ.
3. ಕಳೆಯಿರಿ. 0ಯ² − 4ಯ² = −4ಯ². ಸೊನ್ನೆ ಇಡದವರು ಇಲ್ಲಿ 4ಯ² ಅನ್ನು −5ಯ ಕೆಳಗೆ ಬರೆದು −9 ಎಂದು ಏನೋ ಮಾಡಿಕೊಂಡಿರುತ್ತಾರೆ.
4. ಮುಂದಿನ ಪದ −5ಯ ಇಳಿಸಿಕೊಳ್ಳಿ. ಈಗ −4ಯ² − 5ಯ.

ಮತ್ತೆ ಅದೇ ಸುತ್ತು. −4ಯ² ÷ ಯ = −4ಯ. ಗುಣಿಸಿದರೆ −4ಯ² − 8ಯ. ಕಳೆಯುವಾಗ −5ಯ − (−8ಯ) = 3ಯ. ಈ ಸಾಲಿನಲ್ಲಿ ಪೆನ್ಸಿಲ್ ನಿಲ್ಲಿಸಿ ಒಮ್ಮೆ ಉಸಿರು ಬಿಡಿ. ಕಳೆಯುವುದೆಂದರೆ ಕೆಳಗಿನ ಸಾಲಿನ ಎಲ್ಲ ಚಿಹ್ನೆಗಳನ್ನೂ ಬದಲಿಸಿ ಕೂಡಿಸುವುದು. ನಮ್ಮ ಜಗಲಿಯಲ್ಲಿ ಕೆಳಗಿನ ಸಾಲಿಗೆ ಆವರಣ ಹಾಕಿ, ಹೊಸ ಚಿಹ್ನೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಕಡ್ಡಾಯ. ಗೊಣಗುತ್ತಾರೆ, ಬರೆಯುತ್ತಾರೆ.

7 ಇಳಿಸಿ: 3ಯ + 7. 3ಯ ÷ ಯ = 3. ಗುಣಿಸಿದರೆ 3ಯ + 6. ಕಳೆದರೆ 1.

ಭಾಗಲಬ್ಧ 2ಯ² − 4ಯ + 3, ಶೇಷ 1. ತಾಳೆ ನೋಡಲು ಭಾಜ್ಯ = ಭಾಜಕ × ಭಾಗಲಬ್ಧ + ಶೇಷ. ಯ = 2 ಹಾಕಿದರೆ ಎಡಕ್ಕೆ 16 − 10 + 7 = 13; ಬಲಕ್ಕೆ 4 × 3 + 1 = 13.

ಎತ್ತಿಟ್ಟುಕೊಂಡ 2ಯ³ − 13ಯ² + 19ಯ − 20 ಅನ್ನು ಈಗ ಯ − 5ರಿಂದ ನೀವೇ ಭಾಗಿಸಿ. ಚೌಕುಳಿಯ ತಲೆಸಾಲು 2ಯ² − 3ಯ + 4 ಮರಳಿ ಬರಬೇಕು, ಶೇಷ ಸೊನ್ನೆಯಾಗಬೇಕು.

ಎಲ್ಲಿ ನಿಲ್ಲಿಸಬೇಕು?

ಭಾಜಕದ ಘಾತ, ಅಂದರೆ ಅದರ ಪದಗಳಲ್ಲಿನ ಅತಿ ದೊಡ್ಡ ಘಾತ, ಎರಡಾದಾಗ ಈ ಪ್ರಶ್ನೆ ಏಳುತ್ತದೆ. (3ಯ⁴ + ಯ³ − 2ಯ² + 8) ÷ (ಯ² − ಯ + 1) ನೋಡಿ. ಯ ಪದಕ್ಕೆ ಸೊನ್ನೆ ಇಟ್ಟುಕೊಂಡು ಆರಂಭಿಸಿ.

3ಯ² ಹಾಕಿ, 3ಯ⁴ − 3ಯ³ + 3ಯ² ಕಳೆದರೆ 4ಯ³ − 5ಯ² + 0ಯ.
4ಯ ಹಾಕಿ, 4ಯ³ − 4ಯ² + 4ಯ ಕಳೆದರೆ −ಯ² − 4ಯ + 8.
−1 ಹಾಕಿ, −ಯ² + ಯ − 1 ಕಳೆದರೆ −5ಯ + 9.

ಇನ್ನೂ ಯ ಉಳಿದಿದೆಯಲ್ಲ ಎಂದು ಮುಂದುವರಿಯಲು ಹೋಗಬೇಡಿ. ಉಳಿದದ್ದರ ಘಾತ 1, ಭಾಜಕದ ಘಾತ 2. ಶೇಷದ ಘಾತ ಭಾಜಕದ ಘಾತಕ್ಕಿಂತ ಕಡಿಮೆಯಾದ ಕ್ಷಣವೇ ಕೆಲಸ ಮುಗಿಯಿತು. ಭಾಗಲಬ್ಧ 3ಯ² + 4ಯ − 1, ಶೇಷ −5ಯ + 9. ಯ = 2 ಹಾಕಿದರೆ ಶೇಷ −1 ಬರುತ್ತದೆ; ಸಂಖ್ಯೆಗಳ ಭಾಗಾಕಾರದಲ್ಲಿ ಶೇಷ ಋಣವಾಗಿರಬಾರದು ಎಂದು ಕಲಿತವರು ಬೆಚ್ಚುತ್ತಾರೆ. ಇಲ್ಲಿ ಅಳತೆಗೋಲು ಘಾತ, ಬೆಲೆಯಲ್ಲ. 3 × 19 − 1 = 56, ಭಾಜ್ಯವೂ 48 + 8 − 8 + 8 = 56.

ಅಡ್ಡದಾರಿ

ಭಾಜಕ ಯ + 2 ಅಥವಾ ಯ − 5ರಂತೆ ಸರಳವಾಗಿದ್ದರೆ ಸಹಗುಣಕಗಳಿಂದಲೇ ಒಂದು ಸಾಲಿನಲ್ಲಿ ಭಾಗಿಸಬಹುದು. ಇದನ್ನು ಸಿಂಥೆಟಿಕ್ ವಿಧಾನ ಎನ್ನುತ್ತಾರೆ. ಯ + 2 ಸೊನ್ನೆಯಾಗುವುದು ಯ = −2 ಆದಾಗ; ಆ −2 ಅನ್ನು ಬದಿಗೆ ಬರೆದುಕೊಳ್ಳಿ. ಸಾಲಿನಲ್ಲಿ 2, 0, −5, 7.

2 ಹಾಗೆಯೇ ಇಳಿಯುತ್ತದೆ. 2 × (−2) = −4, ಸೊನ್ನೆಗೆ ಕೂಡಿಸಿದರೆ −4. (−4) × (−2) = 8, −5ಕ್ಕೆ ಕೂಡಿಸಿದರೆ 3. 3 × (−2) = −6, 7ಕ್ಕೆ ಕೂಡಿಸಿದರೆ 1.

2, −4, 3, ಕೊನೆಗೆ ಶೇಷ 1. ಅರ್ಧ ಪುಟದ ಕೆಲಸ ಎರಡು ಸಾಲಿಗೆ ಇಳಿಯಿತು. ದೀರ್ಘ ಭಾಗಾಕಾರ ಚೆನ್ನಾಗಿ ಬಂದ ಮೇಲೆ ಮಾತ್ರ ಇದನ್ನು ಕಲಿಯಿರಿ. ಇಲ್ಲದಿದ್ದರೆ ಯ² − ಯ + 1ರಂಥ ಭಾಜಕ ಎದುರಾದಾಗ ಕೈಕಟ್ಟಿ ಕೂರಬೇಕಾಗುತ್ತದೆ.

ಶೇಷವಷ್ಟೇ ಸಾಕೆಂದರೆ ಭಾಗಿಸುವುದೂ ಬೇಡ. ಭಾಜ್ಯದಲ್ಲಿ ಯ = −2 ಹಾಕಿ: −16 + 10 + 7 = 1. ಇದೇ ಶೇಷ ಪ್ರಮೇಯ. ಶೇಷ ಸೊನ್ನೆ ಬಂದರೆ ಭಾಜಕವು ಅಪವರ್ತನವಾಗಿದೆ. ಯ³ − 7ಯ + 6ರಲ್ಲಿ ಯ = 1 ಹಾಕಿದರೆ ಸೊನ್ನೆ; ಹಾಗಾಗಿ ಯ − 1ರಿಂದ ಭಾಗವಾಗುತ್ತದೆ. 1, 0, −7, 6 ಎಂದು ಬರೆದು ಭಾಗಿಸಿದರೆ ಯ² + ಯ − 6, ಅದು ಮತ್ತೆ (ಯ + 3)(ಯ − 2).

ಇದೆಲ್ಲ ಎಲ್ಲಿ ಬರುತ್ತದೆ?

ಒಮ್ಮೆ ಒಬ್ಬ ಹುಡುಗ ಹೀಗೆಯೇ ಕೇಳಿದ. ಗಾಂಧಿ ಬಜಾರಿನಲ್ಲಿ ಹೂವು ಕೊಂಡಾಗ ಹಣ ಹೇಗೆ ಕೊಡುತ್ತೀಯ ಎಂದೆ. ಕ್ಯೂಆರ್ ಕೋಡ್ ಎಂದ. ಮಳೆಗೆ ನೆನೆದು, ಮೂಲೆ ಗೀಚಿಹೋದ ಆ ಚೀಟಿಯನ್ನೂ ಮೊಬೈಲ್ ಓದುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ರೂಪಿಸಿದ ಈ ಚೌಕದಲ್ಲಿ ಮಾಹಿತಿಯನ್ನು ಒಂದು ಬಹುಪದೋಕ್ತಿಯ ಸಹಗುಣಕಗಳೆಂದು ಎಣಿಸಿ, ಇನ್ನೊಂದು ನಿಗದಿತ ಬಹುಪದೋಕ್ತಿಯಿಂದ ಭಾಗಿಸಿ, ಬಂದ ಶೇಷವನ್ನು ಮಾಹಿತಿಯ ಜೊತೆಗೇ ಮುದ್ರಿಸುತ್ತಾರೆ. ಇದು ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಚಾರ. ಅಲ್ಲಿನ ಸಹಗುಣಕಗಳು ನಮ್ಮ ಮಾಮೂಲಿ ಸಂಖ್ಯೆಗಳಲ್ಲ, 256 ಬೆಲೆಗಳ ಒಂದು ಪುಟ್ಟ ಲೋಕದವು. ಆದರೆ ಭಾಗಿಸು, ಗುಣಿಸು, ಕಳೆ, ಇಳಿಸು ಎಂಬ ಸುತ್ತು ಇದೇ. ತಪ್ಪು ತಿದ್ದುವ ಅತಿ ಗಟ್ಟಿಯಾದ ಮಟ್ಟದಲ್ಲಿ ಮುದ್ರಿಸಿದರೆ ಸುಮಾರು 30 ಶೇಕಡಾದಷ್ಟು ಮಾಹಿತಿ ಹಾಳಾದರೂ ಮೂಲವನ್ನು ಮರಳಿ ಪಡೆಯಬಹುದು. ಹುಡುಗ ಸುಮ್ಮನಾದ. ಮಾರನೆಯ ದಿನ ಕ್ಯೂಆರ್ ಕೋಡಿನ ಮೇಲೆ ಬೆರಳಿಟ್ಟು, ಎಷ್ಟು ಮುಚ್ಚುವವರೆಗೆ ಓದುತ್ತದೆ ಎಂದು ಪರೀಕ್ಷಿಸಿ ಬಂದಿದ್ದ.

ಕೈ ಪಳಗಲು

(3ಯ + 4)(2ಯ − 5) ಗುಣಿಸಿ. 6ಯ² − 7ಯ − 20 ಬರಬೇಕು.

(ಯ² + ಯ + 1)(ಯ² − ಯ + 1) ಗುಣಿಸಿ. ಒಂಬತ್ತು ಮನೆಗಳ ಚೌಕುಳಿಯಿಂದ ಕೊನೆಗೆ ಉಳಿಯುವುದು ಮೂರೇ ಪದ: ಯ⁴ + ಯ² + 1.

(6ಯ³ + 5ಯ² − 4) ÷ (2ಯ² − ಯ + 1) ಮಾಡಿ. ಭಾಗಲಬ್ಧ 3ಯ + 4, ಶೇಷ ಯ − 8.

ಕೊನೆಯದು, (ಯ⁴ − 1) ÷ (ಯ − 1). ನಡುವೆ ಮೂರು ಸೊನ್ನೆ ಇಡಬೇಕು. ಉತ್ತರ ಬಂದ ಮೇಲೆ ಯ = 10 ಹಾಕಿ, ಪಕ್ಕದಲ್ಲೇ 9999ನ್ನು 9ರಿಂದ ಭಾಗಿಸಿ ನೋಡಿ.